ಆಟದ ಮೇಷ್ಟ್ರನ್ನು ಕೇಳಿ: ಹೈಸ್ಕೂಲ್ ಹುಡುಗನಿಗೆ ಮೊದಲ ಮಣೆ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ಅಲ್ಲಿಗೆ ಹೋದ ಮೇಲೆ ಬೇಸ್‌ಬಾಲ್ ಹುಚ್ಚು ಹತ್ತಿದೆ. ವಾಷಿಂಗ್ಟನ್ ನ್ಯಾಷನಲ್ಸ್ ಅವನ ತಂಡ. 2025ರ ಜುಲೈನಲ್ಲಿ ಆ ತಂಡ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಒಬ್ಬ ಹೈಸ್ಕೂಲ್ ಹುಡುಗನನ್ನು ಆರಿಸಿತಂತೆ. ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡಿಂಗ್ ಜಾಗದಲ್ಲಿ ಆಡುವವನು. ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ ಮಗ ಗೊಣಗುತ್ತಾನೆ. ಅವನ ಸ್ನೇಹಿತರಲ್ಲೂ ಎರಡು ಪಾರ್ಟಿ ಆಗಿದೆಯಂತೆ. ಒಳ್ಳೆ ಆಟಗಾರ ಸಿಕ್ಕರೆ ಖುಷಿ ಪಡಬೇಕಲ್ವಾ? ಇದೇನು ಗೋಳು?
– ಒಬ್ಬ ತಾಯಿ, ಬಂಗಾರಪೇಟೆ

ಉತ್ತರ: ತಾಯೀ, ಆ ಹುಡುಗನ ಹೆಸರು ಈಲೈ ವಿಲಿಟ್ಸ್. ಓಕ್ಲಹೋಮಾ ರಾಜ್ಯದವನು. ಆರಿಸಿದ ದಿನ ಅವನಿಗೆ 17 ವರ್ಷ. ಅವನ ಅಪ್ಪ ರೆಗ್ಗಿ ವಿಲಿಟ್ಸ್ ಕೂಡ ಏಂಜಲ್ಸ್ ತಂಡಕ್ಕೆ ದೊಡ್ಡ ಲೀಗಿನಲ್ಲಿ ಆಡಿದವರು. ನಿಮ್ಮ ಮಗನಿಗೆ ಸಿಟ್ಟು ಈ ಹುಡುಗನ ಮೇಲಲ್ಲ. ಇನ್ನೂ ಕಾಯಬೇಕಲ್ಲ ಅಂತ.

ನಾವು ಐಪಿಎಲ್ ಹರಾಜು ನೋಡಿ ಬೆಳೆದವರು. ಇವತ್ತು ಕೊಂಡ ಆಟಗಾರ ಮುಂದಿನ ಸೀಸನ್‌ಗೆ ಮೈದಾನದಲ್ಲಿ ಇರುತ್ತಾನೆ. 2024ರ ನವೆಂಬರ್‌ನಲ್ಲಿ ರಾಜಸ್ಥಾನ ರಾಯಲ್ಸ್ 13 ವರ್ಷದ ವೈಭವ್ ಸೂರ್ಯವಂಶಿಯನ್ನು 1.10 ಕೋಟಿ ರೂಪಾಯಿಗೆ ಕೊಂಡಿತು. ಮರುವರ್ಷ ಏಪ್ರಿಲ್‌ನಲ್ಲೇ ಅವನು 35 ಎಸೆತದಲ್ಲಿ ನೂರು ಹೊಡೆದ. ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲ. ಡ್ರಾಫ್ಟ್ ಆದ ಹುಡುಗ ಮೈನರ್ ಲೀಗಿಗೆ, ಅಂದರೆ ದೊಡ್ಡ ಲೀಗಿನ ಕೆಳಗಿನ ಹಂತಕ್ಕೆ, ಹೋಗಬೇಕು. ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. 2022ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಮೊದಲಿಗೆ ಆರಿಸಿದ ಜಾಕ್ಸನ್ ಹಾಲಿಡೇ ಕೂಡ ಹೈಸ್ಕೂಲ್ ಶಾರ್ಟ್‌ಸ್ಟಾಪ್. 2024ರ ಏಪ್ರಿಲ್‌ಗೆ ದೊಡ್ಡ ತಂಡಕ್ಕೆ ಬಂದ. ಅದನ್ನೇ ಅಲ್ಲಿ ಬಹಳ ಬೇಗ ಅನ್ನುತ್ತಾರೆ.

ಕೋಲಾರದ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಹೂ ಬಿಟ್ಟಾಗಲೇ ವ್ಯಾಪಾರಿ ಬರುತ್ತಾನೆ. ಮರದ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾನೆ. ಒಂದು ಹೂಗೊಂಚಲು ಬಗ್ಗಿಸಿ ಅಂಗೈ ಮೇಲೆ ತಟ್ಟುತ್ತಾನೆ, ಜಿಗಿಹುಳ ಉದುರುತ್ತಾ ಅಂತ. ಇಡೀ ತೋಪಿಗೆ ಒಂದು ರೇಟು ಮಾತಾಡಿ ಅಡ್ವಾನ್ಸ್ ಕೊಟ್ಟು ಹೋಗುತ್ತಾನೆ. ಆಮೇಲೆ ಆಲಿಕಲ್ಲು ಬಿದ್ದರೆ ಅವನ ಹಣೆಬರಹ. ಹೈಸ್ಕೂಲ್ ಹುಡುಗನನ್ನು ಆರಿಸುವುದೂ ಹೂವಿನಲ್ಲೇ ತೋಪು ಹಿಡಿದ ಹಾಗೆ. ಕಾಲೇಜಿನಲ್ಲಿ ಆಡಿದವನಾದರೆ ಕಾಯಿ ಕಣ್ಣಿಗೆ ಕಾಣುತ್ತಿರುತ್ತೆ.

ಈಗ ನಿಮ್ಮ ಮಗನ ಪಾರ್ಟಿಯ ವಾದ ಕೇಳಿ. ನ್ಯಾಷನಲ್ಸ್ 2019ರಲ್ಲಿ ಚಾಂಪಿಯನ್. ಆಮೇಲೆ ಪ್ರತಿ ವರ್ಷ ಗೆದ್ದಿದ್ದಕ್ಕಿಂತ ಸೋತದ್ದೇ ಜಾಸ್ತಿ. 2025ರಲ್ಲಂತೂ 96 ಪಂದ್ಯ ಸೋತರು. ಡ್ರಾಫ್ಟ್‌ಗೆ ಒಂದು ವಾರ ಇದೆ ಅನ್ನುವಾಗ ತಂಡ ಕಟ್ಟುವ ಜನರಲ್ ಮ್ಯಾನೇಜರ್ ಮೈಕ್ ರಿಝೋ, ನಮ್ಮ ಕೋಚ್ ಥರದ ಮ್ಯಾನೇಜರ್ ಡೇವ್ ಮಾರ್ಟಿನೆಜ್ ಇಬ್ಬರನ್ನೂ ಮನೆಗೆ ಕಳಿಸಿದರು. ತಂಡದಲ್ಲಿ ಸಿ.ಜೆ. ಏಬ್ರಮ್ಸ್ ಅಂತ ಶಾರ್ಟ್‌ಸ್ಟಾಪ್ ಆಗಲೇ ಇದ್ದ. ಎಲ್‌ಎಸ್‌ಯು ಕಾಲೇಜಿನ ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಕೇಡ್ ಆಂಡರ್ಸನ್ ಕೈಗೆ ಸಿಗುವ ಹಾಗಿದ್ದ. ಅವನನ್ನು ಬಿಟ್ಟು ಮತ್ತೊಬ್ಬ ಶಾರ್ಟ್‌ಸ್ಟಾಪ್ ಯಾಕೆ ಅಂತ ಹೊಟ್ಟೆ ಉರಿದಿದೆ. ದುಡ್ಡಿನ ಅನುಮಾನ ಬೇರೆ. ಆ ಮೊದಲ ಸ್ಥಾನಕ್ಕೆ ಲೀಗ್ ಗೊತ್ತು ಮಾಡಿದ್ದ ಮೊತ್ತ 1.1 ಕೋಟಿ ಡಾಲರ್‌ಗೂ ಸ್ವಲ್ಪ ಮೇಲೆ. ಹುಡುಗ ಸಹಿ ಹಾಕಿದ್ದು 82 ಲಕ್ಷ ಡಾಲರ್‌ಗೆ. ಅಗ್ಗಕ್ಕೆ ಸಿಕ್ಕ ಅಂತ ತಗೊಂಡರು ಅನ್ನೋದು ದೂರು.

ಅಗ್ಗ ಅನ್ನೋ ಮಾತು ನನಗೆ ಹಿಡಿಸಲ್ಲ. ಉಳಿದ ಹಣ ಮಾಲೀಕನ ಜೇಬಿಗೇ ಹೋಗಬೇಕು ಅಂತಿಲ್ಲ. ಪ್ರತಿ ತಂಡಕ್ಕೂ ಡ್ರಾಫ್ಟ್‌ಗೆ ಒಂದು ಒಟ್ಟು ಮೊತ್ತ ಇರುತ್ತೆ. ಇಲ್ಲಿ ಉಳಿಸಿದ್ದನ್ನು ಕೆಳಗಿನ ಸುತ್ತುಗಳಲ್ಲಿ ಆರಿಸಿದ ಹುಡುಗರಿಗೆ ಜಾಸ್ತಿ ಕೊಟ್ಟು ಒಪ್ಪಿಸಬಹುದು.

ಇನ್ನು ಶಾರ್ಟ್‌ಸ್ಟಾಪ್ ವಿಷಯ. ಓಡುವವನು ಒಂದೊಂದಾಗಿ ಮುಟ್ಟಬೇಕಾದ ಗುರುತುಗಳೇ ಬೇಸ್; ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು ಇವನು. ಬಲಗೈ ಬ್ಯಾಟರ್ ಚೆಂಡನ್ನು ಎಳೆದು ಹೊಡೆದರೆ ಬರೋದು ಇವನ ಕಡೆಗೇ. ಹೊಡೆದವನು ಮೊದಲ ಬೇಸ್ ಮುಟ್ಟಲು 90 ಅಡಿ ಓಡಬೇಕು, ನಾಲ್ಕು ಸೆಕೆಂಡಿಗೆ ಸ್ವಲ್ಪ ಮೇಲೆ ಬೇಕು. ಅಷ್ಟರೊಳಗೆ ಚೆಂಡು ಹಿಡಿದು, ತಿರುಗಿ, ಮೈದಾನದ ಆ ಕಡೆಗೆ ಎಸೆದಾಗಿರಬೇಕು. ನಾನು ಶಾಲೆಯಲ್ಲಿ ಸಾಫ್ಟ್‌ಬಾಲ್ ಕಲಿಸಿದವನು. ನಮ್ಮದು ಗರಸು ಮಣ್ಣಿನ ಮೈದಾನ. ಚೆಂಡು ಸಣ್ಣ ಕಲ್ಲಿಗೆ ತಾಗಿದರೆ ಸೀದಾ ಎದೆಗೆ ಬರುತ್ತೆ. ಸಾಮಾನ್ಯ ಹುಡುಗ ಹಿಂದೆ ಸರಿದು ಮುಖ ತಿರುಗಿಸುತ್ತಾನೆ. ಒಬ್ಬನು ಮಾತ್ರ ಒಂದು ಹೆಜ್ಜೆ ಮುಂದೆ ಬಂದು, ಚೆಂಡು ಏಳುವ ಮೊದಲೇ ಅಮುಕಿ ಹಿಡಿಯುತ್ತಾನೆ. ಅವನನ್ನೇ ನಾವು ಆ ಜಾಗದಲ್ಲಿ ನಿಲ್ಲಿಸೋದು. ಅಮೆರಿಕದ ಶಾಲೆಗಳಲ್ಲೂ ಅಷ್ಟೇ. ಹಾಗಾಗಿ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಸಿಕ್ಕ ಅಂದರೆ ಆ ಶಾಲೆಯ ಅತಿ ಚುರುಕಿನ ಹುಡುಗ ಸಿಕ್ಕ ಅಂತಲೇ ಲೆಕ್ಕ. ಮುಂದೆ ಅವನು ಎಲ್ಲಿ ಬೇಕಾದರೂ ನಿಲ್ಲಬಹುದು. 1990ರಲ್ಲಿ ಅಟ್ಲಾಂಟಾ ಮೊದಲಿಗೆ ಆರಿಸಿದ ಚಿಪ್ಪರ್ ಜೋನ್ಸ್ ಮೂರನೇ ಬೇಸ್‌ನಲ್ಲಿ ನಿಂತು ದೊಡ್ಡ ಹೆಸರು ಮಾಡಿದರು. ಶಾಲೆಯಲ್ಲಿ ಅವರೂ ಶಾರ್ಟ್‌ಸ್ಟಾಪೇ. ಆದ್ದರಿಂದ ಏಬ್ರಮ್ಸ್ ಇದ್ದಾನಲ್ಲ ಅನ್ನೋ ವಾದ ನಿಲ್ಲೋದಿಲ್ಲ.

ಹಾಗಂತ ಹೂವೆಲ್ಲ ಕಾಯಿ ಆಗುತ್ತಾ? 2004ರಲ್ಲಿ ಸ್ಯಾನ್ ಡಿಯಾಗೋ ಪಾಡ್ರೆಸ್ ತಮ್ಮೂರಿನ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಮ್ಯಾಟ್ ಬುಶ್‌ನನ್ನು ಮೊದಲಿಗೆ ಆರಿಸಿತು. ಅವನು ದೊಡ್ಡ ಲೀಗ್ ಮುಟ್ಟಿದ್ದು 2016ರಲ್ಲಿ, ಅದೂ ಬೇರೆ ತಂಡಕ್ಕೆ ಪಿಚರ್ ಆಗಿ. ಆ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಹೋದದ್ದು ಮುಂದೆ ಬಹಳ ದೊಡ್ಡ ಪಿಚರ್ ಆದ ಜಸ್ಟಿನ್ ವರ್ಲ್ಯಾಂಡರ್! ಪಾಡ್ರೆಸ್ ಅಭಿಮಾನಿಗಳ ಮುಂದೆ ಈ ಮಾತು ಎತ್ತಬೇಡಿ. ಇನ್ನೊಂದು ಕಡೆ ಡೆರೆಕ್ ಜೀಟರ್, ಅವನೂ ಹೈಸ್ಕೂಲ್ ಶಾರ್ಟ್‌ಸ್ಟಾಪೇ. 1992ರಲ್ಲಿ ಯಾಂಕೀಸ್ ಆರನೆಯವನಾಗಿ ಆರಿಸಿದರು. ಮರುವರ್ಷ ಮೈನರ್ ಲೀಗಿನಲ್ಲಿ ಫೀಲ್ಡಿಂಗ್‌ನಲ್ಲಿ 56 ತಪ್ಪು ಮಾಡಿದ. ಅವತ್ತು ಯಾರಾದರೂ ಸಾಕು ಮನೆಗೆ ಹೋಗಪ್ಪಾ ಅಂದಿದ್ದರೆ, ಆಮೇಲಿನ 3,465 ಹಿಟ್ ಎಲ್ಲಿ ಬರುತ್ತಿತ್ತು?

ನನ್ನ ಓಟು ಹುಡುಗನ ಕಡೆಗೆ. ಮಗನಿಗೆ ಒಂದು ಮಾತು ಹೇಳಿ. ವಿಲಿಟ್ಸ್ ಮೊದಲು ಆಡಿದ್ದು ಫ್ರೆಡೆರಿಕ್ಸ್‌ಬರ್ಗ್‌ನ ಸಿಂಗಲ್ ಎ ತಂಡಕ್ಕೆ. ಅದಿರೋದು ವರ್ಜೀನಿಯಾದಲ್ಲೇ, ವಾಷಿಂಗ್ಟನ್‌ನಿಂದ ಸುಮಾರು 80 ಕಿಲೋಮೀಟರ್. ಒಂದು ಭಾನುವಾರ ಅಂಥ ಮೈದಾನಕ್ಕೆ ಹೋಗಿ ಬೇಲಿ ಪಕ್ಕ ಕೂರಲಿ. ಮೈನರ್ ಲೀಗ್ ಹುಡುಗರನ್ನು ಹತ್ತಿರದಿಂದ ನೋಡಲಿ. ಚೆಂಡು ಬಂದಾಗ ಶಾರ್ಟ್‌ಸ್ಟಾಪ್‌ನ ಕಾಲು ಮುಂದೆ ಹೋಗುತ್ತಾ ಹಿಂದೆ ಬರುತ್ತಾ, ಅಷ್ಟೇ ಗಮನಿಸಲಿ. ಸ್ನೇಹಿತರ ಜತೆ ಸುಮ್ನೆ ಜಗಳ ಆಡೋದಕ್ಕಿಂತ ಮೇಲು.

ಪ್ರಶ್ನೆ: ಡ್ರಾಫ್ಟ್‌ನಲ್ಲಿ ಆರಿಸಿದ ಹೈಸ್ಕೂಲ್ ಹುಡುಗ ನಾನು ಬರಲ್ಲ ಅಂದರೆ?
– ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಧಾರಾಳವಾಗಿ ಅನ್ನಬಹುದು. ಕಾಲೇಜು ಸೇರುತ್ತಾನೆ. ನಾಲ್ಕು ವರ್ಷದ ಕಾಲೇಜಾದರೆ ಮೂರನೇ ವರ್ಷ ಮುಗಿಯಬೇಕು, ಇಲ್ಲವೇ 21 ತುಂಬಬೇಕು, ಆಮೇಲೇ ಮತ್ತೆ ಡ್ರಾಫ್ಟ್. ಮುಂದೆ ದೊಡ್ಡ ಹೊಡೆತಗಾರನಾದ ಆರನ್ ಜಡ್ಜ್ ಮಾಡಿದ್ದು ಅದನ್ನೇ. 2010ರಲ್ಲಿ ಓಕ್‌ಲ್ಯಾಂಡ್ 31ನೇ ಸುತ್ತಿನಲ್ಲಿ ಕರೆಯಿತು, ಒಲ್ಲೆ ಅಂದ. 2013ರಲ್ಲಿ ಯಾಂಕೀಸ್ ಮೊದಲ ಸುತ್ತಿನಲ್ಲೇ ಕರೆಯಿತು. ಹುಡುಗರಿಗೆ ಅಷ್ಟು ದುಡ್ಡು ಸುರಿಯೋದು ಈ ಕಾಲೇಜಿನ ದಾರಿ ಬಿಡಿಸೋದಕ್ಕೇ.

ಪ್ರಶ್ನೆ: ಬೇಸ್‌ಬಾಲ್ ಆಡಲು ಅಮೆರಿಕಕ್ಕೆ ಹೋದ ರಿಂಕು ಸಿಂಗ್, ನಮ್ಮ ಕ್ರಿಕೆಟ್‌ನ ರಿಂಕು ಸಿಂಗ್ ಇಬ್ಬರೂ ಒಬ್ಬರೇ ಅಂತ ನಾನು ಅಂಗಡಿಯಲ್ಲಿ ಪಂದ್ಯ ಕಟ್ಟಿದ್ದೇನೆ. ಸರಿ ತಾನೇ?
– ಒಬ್ಬ ಓದುಗ, ಮುಳಬಾಗಿಲು

ಉತ್ತರ: ಸೋತಿರಿ ಸ್ವಾಮಿ. ಬೇಸ್‌ಬಾಲ್ ರಿಂಕು ಜಾವೆಲಿನ್ ಎಸೆಯುತ್ತಿದ್ದವನು. ಟೀವಿ ಸ್ಪರ್ಧೆಯಲ್ಲಿ ಗೆದ್ದು, ದಿನೇಶ್ ಪಟೇಲ್ ಜತೆ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸಹಿ ಹಾಕಿದ. ಅವರಿಗೆ ಡ್ರಾಫ್ಟ್ ಇಲ್ಲ. ಅದು ಅಮೆರಿಕ, ಕೆನಡಾ, ಪೋರ್ಟೊರಿಕೊ ಹುಡುಗರಿಗೆ ಮಾತ್ರ. ಆಮೇಲೆ ಅವನು ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಇಳಿದ, ವೀರ್ ಮಹಾನ್ ಅಂತ. ಕೋಲ್ಕತ್ತ ತಂಡಕ್ಕೆ ಐದು ಸಿಕ್ಸರ್ ಹೊಡೆದವನೇ ಬೇರೆ. ಪಂದ್ಯದ ದುಡ್ಡು ಕೊಟ್ಟುಬಿಡಿ.