ಮಂಚದಿಂದ ಬಿದ್ದ ಮಗುವಿಗೆ ಕಣ್ಣಿನ ಪರೀಕ್ಷೆ ಯಾಕೆ? ನಮ್ಮ ಮೇಲೆ ಅನುಮಾನವೇ?

ವಿಜಯಪುರದಲ್ಲಿ ಮಕ್ಕಳ ವಾರ್ಡಿನ ನರ್ಸ್ ನಾನು. ನಿಮ್ಮ 8 ತಿಂಗಳ ಮಗು ಮಂಚದಿಂದ ಬಿದ್ದಿದೆ ಅಂತ ಬರೆದಿದ್ದೀರಿ. ಸ್ಕ್ಯಾನಿನಲ್ಲಿ ಬುರುಡೆಗೆ ಸಣ್ಣ ಸೀಳು, ಅದರ ಕೆಳಗೆ ಚೂರು ರಕ್ತ. ಡಾಕ್ಟರು ‘ಹೇಗೆ ಬಿತ್ತು’ ಅಂತ ಮೂರು ಸಲ ಕೇಳಿದರು, ಕಣ್ಣು ನೋಡಿಸಿದರು, ಮೈಯೆಲ್ಲ ಎಕ್ಸ್‌ರೇ ತೆಗೆಸಿದರು ಅಂತ ನಿಮಗೆ ಸಿಟ್ಟು. ಹೌದು, ‘ಯಾರಾದರೂ ಹೊಡೆದಿರಬಹುದಾ’ ಅನ್ನುವ ಪ್ರಶ್ನೆಯೂ ಅದರಲ್ಲಿದೆ. ಆದರೆ ಅದು ನಿಮ್ಮ ಮುಖ ನೋಡಿ ಹುಟ್ಟಿದ್ದಲ್ಲ.

ಹೇಳಿದ ಮಾತಿಗೂ ಪೆಟ್ಟಿಗೂ ತಾಳೆ ಆಗುತ್ತಾ ಅಂತ ಮೊದಲು ನೋಡುತ್ತೇವೆ. ಎರಡು ಅಡಿ ಮಂಚದಿಂದ ಬಿದ್ದರೆ ಬುಗುಟು ಬರುತ್ತದೆ, ಕೆಲವೊಮ್ಮೆ ಗೆರೆಯಂಥ ಸೀಳು. ಅಷ್ಟಕ್ಕೇ ಎಚ್ಚರ ತಪ್ಪುವಷ್ಟು ಮಿದುಳಿಗೆ ಪೆಟ್ಟಾಗುವುದು ಬಹಳ ಅಪರೂಪ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಾರಲ್ಲ, ಅಲ್ಲಿಂದ ಬಿದ್ದರೆ ಲೆಕ್ಕವೇ ಬೇರೆ. ಇನ್ನೂ ಮಗ್ಗಲು ಹೊರಳದ ಎರಡು ತಿಂಗಳ ಕೂಸು ‘ಉರುಳಿ ಬಿತ್ತು’ ಅಂದರೆ? ಬೆಳಿಗ್ಗೆ ಮಂಚ ಅಂದವರು ಸಂಜೆ ತೊಟ್ಟಿಲು ಅಂದರೆ? ಅದಕ್ಕೇ ಮೂರು ಸಲ ಕೇಳುವುದು.

ಇನ್ನು ಕಣ್ಣು. ಕೂಸಿನ ತಲೆ ಭಾರ, ಕುತ್ತಿಗೆಗೆ ಬಲ ಇರುವುದಿಲ್ಲ. ಅಳು ನಿಲ್ಲಲಿಲ್ಲ ಅಂತ ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೆ ಮಿದುಳಿನ ಮೇಲಿನ ಸಣ್ಣ ರಕ್ತನಾಳಗಳು ಹರಿದು ಹೋಗಬಹುದು. ಹೊರಗೆ ಒಂದು ಗೀರೂ ಕಾಣದೇ ಇರಬಹುದು. ಆದರೆ ಬಹಳ ಸಲ ಕಣ್ಣಿನ ಹಿಂದಿನ ಪರದೆ ತುಂಬ, ಅಂಚಿನವರೆಗೂ, ರಕ್ತದ ಚುಕ್ಕೆಗಳು ಕಾಣುತ್ತವೆ. ಸುಮ್ನೆ ಮಂಚದಿಂದ ಬಿದ್ದರೆ ಹಾಗಾಗುವುದು ಅಪರೂಪ. ಎಕ್ಸ್‌ರೇಯಲ್ಲಿ ಹುಡುಕುವುದು ಬೆನ್ನ ಕಡೆ ಪಕ್ಕೆಲುಬು ಮುರಿದು ಕೂಡಿದ ಗುರುತು. ಕಿವಿ, ಕುತ್ತಿಗೆ, ಹೊಟ್ಟೆ ಮೇಲೆ ಕಂದಿದ್ದರೂ ಜಾಸ್ತಿ ಲಕ್ಷ್ಯ ಕೊಡುತ್ತೇವೆ. ಆಡುವ ಮಕ್ಕಳಿಗೆ ಪೆಟ್ಟು ಬೀಳುವುದು ಹಣೆಗೆ, ಮೊಣಕಾಲಿಗೆ.

ನಾವೂ ತಪ್ಪುತ್ತೇವೆ. ಒಮ್ಮೆ ಒಂದು ಕೂಸಿನ ಸೊಂಟದ ಕೆಳಗೆ ನೀಲಿ ಕಂಡು ಗಾಬರಿಯಾಗಿದ್ದೆ. ಅಜ್ಜಿ, “ಹುಟ್ಟಿದಾಗಿಂದ ಐತಿ ತಂಗಿ” ಅಂದರು. ನಿಜ, ಅಂಥ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಪೆಟ್ಟಿನ ಕಲೆ ನಾಲ್ಕು ದಿನಕ್ಕೆ ಬಣ್ಣ ತಿರುಗುತ್ತದೆ, ಮಚ್ಚೆ ತಿರುಗುವುದಿಲ್ಲ. ವಿಟಮಿನ್ ಕೆ ಕೊರತೆ ಇದ್ದರೂ ತಲೆಯೊಳಗೆ ರಕ್ತ ಬರಬಹುದು. ಹಾಗಾಗಿ ರಕ್ತ ಪರೀಕ್ಷೆ ಮಾಡದೆ, ಒಂದೇ ಗುರುತು ಹಿಡಿದು ಯಾರೂ ತೀರ್ಮಾನ ಮಾಡಬಾರದು.

ಕಣ್ಣು, ಎಲುಬು ಸರಿ ಇವೆ ಅಂತ ಬರೆದಿದ್ದೀರಿ. ಸೀಳಿನ ಕೆಳಗೇ ಚೂರು ರಕ್ತ ಇರುವುದು ಬಿದ್ದ ಪೆಟ್ಟಿಗೆ ಒಪ್ಪುವಂಥದ್ದೇ. ಮನೆಗೆ ಹೋದಮೇಲೆ ಮತ್ತೆ ಮತ್ತೆ ವಾಂತಿ, ಮಂಪರು, ಫಿಟ್ಸ್ ಕಂಡರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆತನ್ನಿ.