ಶಿರಸಿ ಕಡೆಯ ಕಾಡಿನಲ್ಲಿ ಚಿಕ್ಕ ಒಲೆ ಹೂಡಿ ಚಹಾ ಮಾಡಿಕೊಳ್ಳಲೂ ಏಕೆ ಬಿಡುವುದಿಲ್ಲ? ನೀರು ಸುರಿದು ಆರಿಸಿದರೆ ಸಾಲದೇ?

ಸಾಲದು. ಮೇಲಿನ ಉರಿ ಆರುತ್ತದೆ, ಅಡಿಯ ಕೆಂಡ ಆರುವುದಿಲ್ಲ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಇಲ್ಲಿನ ನೆಲದ ಮೇಲೆ ದರಕು, ಅಂದರೆ ಒಣ ತರಗೆಲೆ, ಪದರಪದರವಾಗಿ ಬಿದ್ದಿರುತ್ತದೆ. ಸುರಿದ ನೀರು ಮೇಲಿನ ಎಲೆಗಳ ಮೇಲೇ ಜಾರಿ ಪಕ್ಕಕ್ಕೆ ಹೋಗುತ್ತದೆ. ಕೆಳಗಿನ ಪುಡಿ ಎಲೆ, ಸತ್ತ ಬೇರು ಹೊಗೆಯೂ ಕಾಣದಂತೆ ಗಂಟೆಗಟ್ಟಲೆ ಒಳಗೊಳಗೇ ಸುಡುತ್ತಿರುತ್ತವೆ. ಮಧ್ಯಾಹ್ನ ಗಾಳಿ ಎದ್ದಾಗ ಕಿಡಿ ಮೇಲೆ ಬರುತ್ತದೆ. ಅಷ್ಟರಲ್ಲಿ ನೀವು ಯಾಣ ನೋಡಿ ಕುಮಟಾ ಸೇರಿರುತ್ತೀರಿ! ಬೀಡಿ ತುಂಡಿಗೂ ಇದೇ ಲೆಕ್ಕ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು. ಗ್ಯಾಸ್ ಸ್ಟೌ ಕೂಡ ಬೇಡ, ಮಗುಚಿದರೆ ಅದೂ ಬೆಂಕಿಯೇ. ಚಹಾ ಬೇಕೇ ಬೇಕೆಂದರೆ ಥರ್ಮಾಸಿನಲ್ಲಿ ತುಂಬಿಕೊಂಡು ಹೋಗಿ.