ನಾಲ್ಕು ಸಲ ಬಡಿಸುವ ಮನೆಯಲ್ಲಿ ಒಟ್ಟಿಗೆ ಊಟ ಯಾವಾಗ?

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ವಿಜಯನಗರದಲ್ಲಿ. ಅತ್ತೆಗೆ ಸಕ್ಕರೆ ಕಾಯಿಲೆ, ಏಳೂವರೆಗೆ ಊಟ ಆಗಲೇಬೇಕು. ಎಂಟನೇ ಕ್ಲಾಸಿನ ಮಗ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಾನೆ. ಪಿಯುಸಿ ಓದುವ ಮಗಳು ಟ್ಯೂಷನ್ ಮುಗಿಸಿ ಬರುವುದು ಎಂಟೂಮುಕ್ಕಾಲಿಗೆ. ಯಜಮಾನರು ವೈಟ್‌ಫೀಲ್ಡ್‌ನಿಂದ ಬಂದಾಗ ಒಂಬತ್ತೂಕಾಲು. ನಾಲ್ಕು ಸಲ ಬಡಿಸಿ, ಪಾತ್ರೆ ತೊಳೆದು ಮಲಗುವಾಗ ಹನ್ನೊಂದು. ಎಲ್ಲರೂ ಒಟ್ಟಿಗೆ ಕೂತು ಉಂಡಿದ್ದು ನೆನಪೇ ಇಲ್ಲ. ನನ್ನದೇ ತಪ್ಪು ಅನ್ನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆ ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಮಗ ಎಲ್ಲಿ ಕೂರುತ್ತಾನೆ, ಎಲ್ಲಾ ಬರೆದಿದ್ದೀರಿ. ನೀವು ಯಾವಾಗ ಉಣ್ಣುತ್ತೀರಿ ಅಂತ ಮಾತ್ರ ಎಲ್ಲೂ ಇಲ್ಲ. ಅಡುಗೆಕಟ್ಟೆಗೆ ಒರಗಿ ನಿಂತು, ತಳದಲ್ಲಿ ಉಳಿದ ಅನ್ನಕ್ಕೆ ಆರಿದ ಸಾರು ಹಾಕಿಕೊಂಡು, ಅಲ್ವಾ? ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೆ.

ತಪ್ಪು ನಿಮ್ಮದಲ್ಲ. ಒಬ್ಬೊಬ್ಬರದು ಒಂದೊಂದು ಹೊತ್ತು. ಅದನ್ನು ನೀವೊಬ್ಬರೇ ಹೊಂದಿಸಲು ಆಗುವುದಿಲ್ಲ.

ಅತ್ತೆಯವರನ್ನು ಮಾತ್ರ ಕಾಯಿಸಬೇಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ತೀರಾ ಇಳಿದು ಮೈ ಬೆವರಿ ಕೈ ನಡುಗಬಹುದು. ಅವರು ಏಳೂವರೆಗೇ ಉಣ್ಣಲಿ, ಮಗನೂ ಜೊತೆಗೆ ಕೂರಲಿ. ಅಜ್ಜಿಗೆ ಬಡಿಸುವ ಕೆಲಸವನ್ನು ಅವನಿಗೇ ಕೊಡಿ. ತಟ್ಟೆಗೆ ಮುದ್ದೆ ಇಟ್ಟು ಸಾರು ಹಾಕುವುದನ್ನು ಎರಡು ದಿನದಲ್ಲಿ ಕಲಿಯುತ್ತಾನೆ. ಅಷ್ಟು ಹೊತ್ತು ಟಿವಿ ಬೇಡ.

ಮಿಕ್ಕ ಮೂವರು ಒಂಬತ್ತೂಕಾಲಿಗೆ ಕೂರಿ. ಮಗಳಿಗೆ ಅಲ್ಲಿಯವರೆಗೆ ಒಂದು ಬಾಳೆಹಣ್ಣು ಸಾಕು. ಯಜಮಾನರು ಮೆಟ್ರೋದಲ್ಲಿ ಬರುವವರಾದರೆ ಕೆಲಸ ಇನ್ನೂ ಸುಲಭ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ನಲ್ಲಿ ಹತ್ತಿದರೆ ವಿಜಯನಗರದಲ್ಲೇ ಇಳಿಯಬಹುದಲ್ಲ. ಮೆಜೆಸ್ಟಿಕ್‌ಗೆ ಬಂದಾಗ ಒಂದು ಮಿಸ್ಡ್ ಕಾಲ್ ಕೊಡಲಿ. ಅಲ್ಲಿಂದ ನಾಲ್ಕೇ ಸ್ಟೇಷನ್. ಅಷ್ಟರಲ್ಲಿ ಮಗಳು ಸಾರು ಬಿಸಿಗಿಟ್ಟು ಮೂರು ತಟ್ಟೆ ಹಾಕಲಿ. ಪಾತ್ರೆಗಳನ್ನೆಲ್ಲ ಹತ್ತಿರ ತಂದಿಟ್ಟುಕೊಂಡು ನೀವೂ ಕೂರಿ. ಬೇಕಾದ್ದನ್ನು ಅವರವರೇ ಹಾಕಿಕೊಳ್ಳಲಿ. "ಉಪ್ಪಿನಕಾಯಿ ಎಲ್ಲಿ?" ಅಂತ ಕೇಳಿದರೆ ಕೂತಲ್ಲಿಂದಲೇ ಹೇಳಿ. ಇದು ಕಷ್ಟ, ನನಗೆ ಗೊತ್ತು. ಇಷ್ಟು ವರ್ಷ ಎದ್ದು ಎದ್ದು ಅಭ್ಯಾಸವಾದವರಿಗೆ ಸುಮ್ನೆ ಕೂರುವುದೇ ದೊಡ್ಡ ಕೆಲಸ. ಪಾತ್ರೆ ತೊಳೆಯುವುದನ್ನು ಅಪ್ಪ ಮಗಳು ಹಂಚಿಕೊಳ್ಳಲಿ. ಇದನ್ನು ಬಾಯಿಬಿಟ್ಟು ಕೇಳಿ. ಕೇಳದೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಐದೂ ಜನರ ಮಾತು. 2015ರಿಂದ ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇದೆಯಲ್ಲ. ಆ ಎರಡು ರಾತ್ರಿ ಅತ್ತೆಯ ಹೊತ್ತಿಗೇ, ಏಳೂವರೆಗೆ, ಎಲ್ಲರೂ ಕೂರಿ. ಹೊಸ ಅಡುಗೆ ಏನೂ ಬೇಡ. ಒಂದು ಹುಳಿ, ಅನ್ನ, ಮೊಸರು, ಹಪ್ಪಳ. ಅತ್ತೆಯವರು ಮೊದಲು ತಾವು ಉಂಡು, ಆಮೇಲೆ ಎಲ್ಲರಿಗೂ ಕೈತುತ್ತು ಹಾಕಲಿ. ನಮ್ಮಜ್ಜಿ ಅಗಲದ ಬೇಸಿನ್ನಿನಲ್ಲಿ ಹುಳಿಯನ್ನ ಕಲಸಿಕೊಂಡು ನಡುವೆ ಕೂರುತ್ತಿದ್ದರು. ಅಂಗೈಗೆ ತುತ್ತು ಇಟ್ಟು, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಅದಕ್ಕೆ ತುಪ್ಪ ಬಿಡುತ್ತಿದ್ದರು. ತುಪ್ಪ ಸೋರುವ ಮುಂಚೆ ಬಾಯಿಗೆ ಹೋಗಬೇಕು. ಮುಂದಿನ ಸರದಿ ಯಾರದು ಅಂತ ಕಾಯುವಾಗ ನಿಮ್ಮ ಮಗನಿಗೆ ಟಿವಿ ನೆನಪಾಗುವುದು ಅನುಮಾನ. ನೀವೂ ಕೈ ಚಾಚಿ. ಸೊಸೆಗೂ ಒಂದು ತುತ್ತು ಇಡಲು ಅವರಿಗೆ ಇಷ್ಟವೇ ಆಗುತ್ತದೆ.

ಮಗಳಿಗೆ ಶನಿವಾರವೂ ಟ್ಯೂಷನ್ ಇದ್ದರೆ, ಆ ಎರಡು ದಿನ ಬೇಗ ಬಿಡಲು ಮೇಷ್ಟ್ರಿಗೆ ಈಗಲೇ ಹೇಳಿಡಿ.